ಫ್ಯೂಸ್ ಹೋಗದ ಮನೆ

ಆ ಮನೆಗೆ ನಾವು ಹೋದದ್ದು ರೇಡಿಯೋಗೊಂದು ಪ್ಲಗ್ ಪಾಯಿಂಟ್ ಹಾಕಿಕೊಡಲು. ಅರ್ಧ ದಿನದ ಕೆಲಸ, ಮಧ್ಯಾಹ್ನದ ಬಸ್ಸಿಗೆ ಪುತ್ತೂರಿಗೆ ಮರಳಬಹುದು ಎಂದುಕೊಂಡು ಬದಲಿಸಲು ಬಟ್ಟೆಯನ್ನೂ ಒಯ್ದಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುಳ್ಯದ ಕಡೆಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಪುತ್ತೂರಿನಲ್ಲಿ ನನ್ನದೊಂದು ಸಣ್ಣ ವೈರಿಂಗ್ ಅಂಗಡಿ. ಲೈಸೆನ್ಸು ನನ್ನ ಹೆಸರಿನಲ್ಲಿತ್ತು, ಆದರೆ ಕೆಲಸದ ಅರ್ಧ ಭಾರ ಹೊರುತ್ತಿದ್ದವನು ನನ್ನ ಜೊತೆಗಾರ. ಈಶ್ವರಮಂಗಲ ಕಡೆಯ ಬ್ಯಾರಿ ಮುಸಲ್ಮಾನ, ನನಗಿಂತ ಹತ್ತಾರು ವರ್ಷ ಹಿರಿಯ. ಅವನಿಗೆ ಕೆಲಸದ ಮೇಲೆ ನನಗಿಂತ ಹೆಚ್ಚು ಪ್ರೀತಿ, ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಲಿಗೆ.

ಮನೆ ಜಾಲ್ಸೂರಿನ ರಸ್ತೆಯಿಂದ ಸ್ವಲ್ಪ ಒಳಗೆ. ಮುರಕಲ್ಲಿನ ಗುಡ್ಡವನ್ನು ಕಡಿದು ಸಮತಟ್ಟು ಮಾಡಿ ಕಟ್ಟಿಸಿದ ಹೊಸ ಮನೆ. ಯಜಮಾನರು ಅರೆಭಾಷೆ ಆಡುವ ಗೌಡರು, ಮಾತು ಕಡಿಮೆ, ಘನಸ್ತಿಕೆ ಹೆಚ್ಚು. ಸುತ್ತಮುತ್ತ ಮೊದಲು ಕರೆಂಟು ಹಾಕಿಸಿದ್ದು ಅವರೇ, ಬಾವಿಗೆ ಮೋಟರು ಕೂರಿಸಿದ್ದೂ ಅವರೇ. ಬಾವಿಯ ಪಕ್ಕದಲ್ಲಿ ಪಂಪು, ಅಲ್ಲಿಂದ ಬಚ್ಚಲಿನ ತೊಟ್ಟಿಗೆ ಕಬ್ಬಿಣದ ಪೈಪು, ನಡುವೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ನಲ್ಲಿ. ಅದನ್ನೆಲ್ಲ ಅವರು ನಮಗೆ ನಿಧಾನವಾಗಿ ತೋರಿಸಿದರು. ವೈರಿಂಗ್ ಬೇರೆ ಯಾರದೋ ಕೈಯದು. ಗೋಡೆಯ ಮೇಲೆ ವೈರು ಓಡಿಸಿದ ಮರದ ಪಟ್ಟಿಗಳು ಅಂಕುಡೊಂಕಾಗಿದ್ದವು. ಬೇರೆಯವರ ಕೆಲಸ ಕಂಡರೆ ನನಗೆ ಮೂಗು ಮುರಿಯುವ ಚಟ ಉಂಟು, ಆದರೆ ಯಜಮಾನರ ಮುಖ ನೋಡಿ ಸುಮ್ಮನಿದ್ದೆ.

ಮನೆಯಲ್ಲಿದ್ದದ್ದು ಯಜಮಾನರು ಮತ್ತು ಅವರ ಹೆಂಡತಿ ಮಾತ್ರ. ಮಗನಿಗೆ ಸುಳ್ಯ ಪೇಟೆಯಲ್ಲಿ ಅಂಗಡಿ, ವಾರದಲ್ಲಿ ನಾಲ್ಕು ದಿನ ಅಲ್ಲಿಯೇ ಉಳಿಯುತ್ತಿದ್ದ. ಸೊಸೆ ಎಲ್ಲಿ ಎಂದು ನಾವು ಕೇಳಲಿಲ್ಲ. ಚಹಾ ಕೊಡುವಾಗ ಮನೆಯಮ್ಮನೇ ಹೇಳಿದರು. "ಸೊಸೆಗೆ ಮೈಯಲ್ಲಿ ಹುಷಾರಿಲ್ಲ. ತವರಿಗೆ ಕಳಿಸಿದ್ದು. ಕಡಬದ ಹತ್ರ." ಹೇಳಿದ ರೀತಿಯಲ್ಲಿ ಮುಂದೆ ಕೇಳಬೇಡಿ ಎಂಬುದೂ ಸೇರಿತ್ತು.

ಮಧ್ಯಾಹ್ನ ಜೊತೆಗಾರ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು ಹೊರಟ. ಯಜಮಾನರೇ ಒಳಗಿನಿಂದ ಪಂಪಿನ ಸ್ವಿಚ್ಚು ಹಾಕಿದರು. ಅವನು ಚಪ್ಪಲಿ ಕಳಚಿಟ್ಟು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ನಲ್ಲಿಗೆ ಕೈ ಹಾಕಿದ. ಮರುಕ್ಷಣ ಹಿಂದಕ್ಕೆ ಬಿದ್ದಿದ್ದ. ನಾನು ಓಡಿಹೋಗಿ ನೋಡಿದರೆ ಅಂಗೈ ತಿಕ್ಕುತ್ತಾ ಕೂತಿದ್ದಾನೆ.

"ಈ ಮನೆಯ ಪೈಪು ಕಚ್ಚುತ್ತದೆ ಮಾರಾಯ್ರೆ," ಎಂದ.

ನಾನು ಪೈಪು ಮುಟ್ಟಿದೆ. ಏನೂ ಇಲ್ಲ. ಮತ್ತೆ ಮುಟ್ಟಿದೆ. ಇಲ್ಲ. ಜೊತೆಗಾರ ನನ್ನ ಕಾಲನ್ನು ನೋಡಿದ. ನಾನು ಟೈರಿನ ಚಪ್ಪಲಿ ಹಾಕಿದ್ದೆ, ನಿಂತದ್ದೂ ಒಣ ನೆಲದಲ್ಲಿ. "ನೀವು ಆ ಚಪ್ಪಲಿಯಲ್ಲಿ ನಿಂತು ಲೈನ್ ಕಂಬವನ್ನೇ ತಬ್ಬಿಕೊಂಡ್ರೂ ಎಂತ ಆಗ್ಲಿಕ್ಕಿಲ್ಲ," ಎಂದ. ಜೇಬಿನಿಂದ ಟೆಸ್ಟರ್ ತೆಗೆದು ಪೈಪಿಗೆ ತಾಗಿಸಿದೆ. ಒಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿತು. ಹಿಂದೆ ತಿರುಗಿದಾಗ ಮನೆಯಮ್ಮ ಅಡಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳುಪೇರಿತ್ತು.

"ಸೊಸೆ ಹೇಳಿದ್ದು ಸಹ ಅದೇ ಮಾತು," ಎಂದರು ಗಂಡನಿಗೆ. "ಪೈಪು ಕಚ್ಚುತ್ತದೆ ಅಂತ."

ಅಲ್ಲಿಂದ ಕತೆ ಬಿಚ್ಚಿಕೊಂಡಿತು. ಬೇಸಗೆ ಶುರುವಾದಂದಿನಿಂದ ಸೊಸೆ ನಲ್ಲಿ ಮುಟ್ಟಲು ಹೆದರುತ್ತಿದ್ದಳು. ಮುಟ್ಟಿದರೆ ಕೈ ಜೋಮು ಹಿಡಿಯುತ್ತದೆ, ಎದೆಗೆ ಗುದ್ದಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಮಾವ ಮುಟ್ಟಿ ನೋಡಿದರು, ಮರದ ಮೆಟ್ಟು ಹಾಕಿಕೊಂಡೇ. ಅತ್ತೆ ಸ್ನಾನದ ಮಣೆಯ ಮೇಲೆ ನಿಂತು ಮುಟ್ಟಿದರು. ಗಂಡ ಚಪ್ಪಲಿಯಲ್ಲಿ ಬಂದು, ಅವಳ ಎದುರಿಗೇ ನಲ್ಲಿಯನ್ನು ಗಟ್ಟಿ ಹಿಡಿದು, ನೋಡು ಎಂದು ತೋರಿಸಿದ. ಯಾರಿಗೂ ಏನೂ ಆಗಲಿಲ್ಲ. ಹಿರಿಯರು ಇರುವ ಮನೆಯಂಗಳದಲ್ಲಿ ಸೊಸೆ ಚಪ್ಪಲಿ ಮೆಟ್ಟುವ ಕ್ರಮ ಆಗ ಇರಲಿಲ್ಲ. ಆ ಮನೆಯಲ್ಲಿ ಒದ್ದೆ ಕಲ್ಲಿನ ಮೇಲೆ ದಿನವೂ ಬರಿಗಾಲಲ್ಲಿ ನಿಲ್ಲುತ್ತಿದ್ದವಳು ಅವಳೊಬ್ಬಳೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ವೈರಿಂಗ್ ಮಾಡಿದವನನ್ನೂ ಕರೆಸಿದ್ದರಂತೆ. ಅವನು ಮೀಟರಿನ ಹತ್ತಿರ ಹೋಗಿ ಫ್ಯೂಸ್ ಎಳೆದು ನೋಡಿ, ಫ್ಯೂಸ್ ಹೋಗಿಲ್ಲ, ಹಾಗಾಗಿ ಲೀಕೇ ಇಲ್ಲ ಎಂದು ತೀರ್ಪು ಕೊಟ್ಟು ಊಟ ಮಾಡಿ ಹೋದ. ಅಲ್ಲಿಗೆ ಅವಳ ಮಾತಿಗೆ ಬೆಲೆ ಹೋಯಿತು. ಮೊದಲು ಮೈಗಳ್ಳತನ ಎಂದರು. ಒಂದು ದಿನ ಕೊಡಪಾನ ಸಮೇತ ಕಲ್ಲಿನ ಮೇಲೆ ಬಿದ್ದು ಎಚ್ಚರ ತಪ್ಪಿದ ಮೇಲೆ, ಏನೋ ಸೋಂಕಿರಬೇಕು ಎಂದು ಜೋತಿಷ ನೋಡುವ ಬಲ್ಯಾಯರಲ್ಲಿ ಕೇಳಿಸಿ ಕೈಗೆ ನೂಲು ಕಟ್ಟಿಸಿದರು. ಅದಕ್ಕೂ ಬಗ್ಗದಿದ್ದಾಗ ತವರಿಗೆ ಕಳಿಸಿದರು. ಯಾವಾಗ ಕರೆಸುವುದು ಎಂಬುದನ್ನು ಯಾರೂ ಹೇಳಿರಲಿಲ್ಲ. ಮಗನಿಗೆ ಬೇರೆ ಸಂಬಂಧ ನೋಡುವ ಮಾತು ಆಗಲೇ ಒಂದೆರಡು ಬಾಯಲ್ಲಿ ಬಂದಿತ್ತೆಂದು ಮನೆಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹೇಳಿದರು.

ಯಜಮಾನರು ಮಾತ್ರ ಒಪ್ಪಲಿಲ್ಲ. "ಲೀಕ್ ಇದ್ರೆ ಫ್ಯೂಸ್ ಹೋಗ್ಬೇಕಲ್ಲ? ಮತ್ತೆ ಫ್ಯೂಸ್ ಇರುದು ಎಂತಕ್ಕೆ?"

ಈ ಪ್ರಶ್ನೆಯನ್ನು ನಾನು ಆ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಕೇಳಿಸಿಕೊಂಡಿದ್ದೇನೋ. ಫ್ಯೂಸೆಂದರೆ ಪಿಂಗಾಣಿಯ ಹಿಡಿಯೊಳಗೆ ಕಟ್ಟಿದ ಒಂದು ಸಪೂರ ತಂತಿ. ಗೋಡೆಯ ಮೇಲಿನ ವೈರು ತಾಳಲಾರದಷ್ಟು ಕರೆಂಟು ಹರಿದಾಗ ಅದು ತಾನು ಕರಗಿ, ವೈರು ಸುಡದಂತೆ, ಮನೆಗೆ ಬೆಂಕಿ ಹಿಡಿಯದಂತೆ ನೋಡಿಕೊಳ್ಳುತ್ತದೆ. ಅದು ಕಾಯುವುದು ವೈರನ್ನು. ಮನುಷ್ಯನ ಜೀವ ತೆಗೆಯಲು ಫ್ಯೂಸ್ ಕರಗಿಸುವ ಕರೆಂಟಿನ ನೂರರಲ್ಲೊಂದು ಪಾಲು ಸಾಕು, ಅಷ್ಟು ಹರಿದದ್ದು ಫ್ಯೂಸಿಗೆ ತಿಳಿಯುವುದೇ ಇಲ್ಲ. ಮನುಷ್ಯನನ್ನು ಕಾಯಬೇಕಾದದ್ದು ಅರ್ತ್. ಪಂಪಿನ ಮೈಯಿಂದ ಒಂದು ತಂತಿ ನೆಲದೊಳಗಿನ ಗುಂಡಿಗೆ ಹೋಗಬೇಕು, ಸೋರಿದ ಕರೆಂಟು ಮೈಮುಟ್ಟಿದವನನ್ನು ಬಿಟ್ಟು ಆ ದಾರಿಯಲ್ಲಿ ಇಳಿದುಹೋಗಬೇಕು. ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಯಜಮಾನರು, "ಮಾತಲ್ಲಿ ಎಲ್ಲ ಸರಿ," ಎಂದರು.

ಹಾಗಾದರೆ ಕಣ್ಣಿಗೇ ತೋರಿಸುವುದೆಂದು ಒಂದು ಬಲ್ಬಿಗೆ ಎರಡು ವೈರು ಕಟ್ಟಿದೆ. ಒಗೆಯುವ ಕಲ್ಲಿನ ಬುಡದ ಕೆಸರಿನಲ್ಲಿ ಜೊತೆಗಾರ ಹಾರೆ ನೆಟ್ಟ. ಒಂದು ವೈರು ಹಾರೆಗೆ, ಇನ್ನೊಂದು ಪೈಪಿಗೆ. ಪಂಪು ಹಾಕಿಸಿದೆ. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯ ಹಾಗೆ ಕೆಂಪಾಯಿತು. ಪಂಪು ನಿಲ್ಲಿಸಿದರೆ ಆರಿತು, ಹಾಕಿದರೆ ಮತ್ತೆ ಕೆಂಪು. ಯಜಮಾನರು ಮೂರು ಸಲ ತಾವೇ ಸ್ವಿಚ್ಚು ಹಾಕಿ ತೆಗೆದು ನೋಡಿದರು. ಆಮೇಲೆ ಜಗಲಿಗೆ ಹೋಗಿ ಕೂತರು.

ಅರ್ತ್ ಗುಂಡಿ ಎಲ್ಲಿ ಎಂದು ಹುಡುಕಲು ಹೊರಟೆವು. ಪಂಪಿನಿಂದ ಹೊರಟ ತಂತಿ ಬಾವಿಯ ಕಡೆಗೆ ಹೋಗದೆ, ಮನೆಯನ್ನು ಬಳಸಿಕೊಂಡು ಹಿತ್ತಿಲಿನ ಎತ್ತರದ ಮೂಲೆಗೆ ಹೋಗಿತ್ತು. ಆ ಮುರಕಲ್ಲಿನ ನೆಲಕ್ಕೆ ಬೇಸಗೆಯಲ್ಲಿ ಒಂದು ಹನಿ ನೀರು ಬೀಳುವ ದಾರಿ ಇರಲಿಲ್ಲ. ಜೊತೆಗಾರ ಅಗೆದ. ನೆಲದ ಪಸೆ ಹಿಡಿದಿಡಲೆಂದು ಉಪ್ಪಿನ ಜೊತೆ ಗುಂಡಿಗೆ ತುಂಬಿದ್ದ ಇದ್ದಲು ಒಲೆಗೆ ಹಾಕುವಷ್ಟು ಒಣಗಿತ್ತು. ಮಳೆಗಾಲದಲ್ಲಿ ಕರಗಿದ ಉಪ್ಪು ತಂತಿಯನ್ನೇ ತಿಂದಿತ್ತು, ಎಳೆದಾಗ ಅದು ತುಂಡಾಗಿ ಕೈಗೆ ಬಂತು.

"ಇಲ್ಲಿ ಗುಂಡಿ ತೆಗಿಲಿಕ್ಕೆ ಹೇಳಿದ್ದು ಯಾರು?" ಎಂದು ಕೇಳಿದೆ. ಸ್ವರ ಸ್ವಲ್ಪ ಏರಿತ್ತು.

"ನಾನೇ," ಎಂದರು ಮನೆಯಮ್ಮ. "ಅವ ಬಾವಿಕಟ್ಟೆಯ ಹತ್ರ ತೆಗಿತೇನೆ ಅಂದ. ಕುಡಿಯುವ ನೀರಿನ ಬುಡದಲ್ಲಿ ಉಪ್ಪು, ಇದ್ದಲು ಹೂಳುದು ಎಂತ ಚಂದ? ಯಾರೋ ಮಾಟ ಮಾಡಿದ ಹಾಗೆ ಕಾಣುದಿಲ್ವಾ? ದೂರ ಎಲ್ಲಿಯಾದ್ರೂ ಹಾಕು ಅಂದೆ."

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಗೊತ್ತಿದ್ದೂ ಹ್ಞೂಂಗುಟ್ಟಿದ ಆ ವೈರ್‌ಮನ್ನಿನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮೋಟರಿನ ವೈರು ಸೇರುವ ಡಬ್ಬಿಯನ್ನು ಬಿಚ್ಚಿದೆವು. ತಗಡಿನ ಅಂಚು ವೈರಿನ ರಬ್ಬರನ್ನು ಸವೆಸಿ, ಅಲ್ಲಿ ನೀರಿನ ಪಸೆ ಸೇರಿ, ಕರ್ರಗೆ ಸುಟ್ಟ ಗೆರೆಯೊಂದು ಮೋಟರಿನ ಮೈಯವರೆಗೆ ಹರಿದಿತ್ತು. ಆ ಗೆರೆಯ ಮೂಲಕ ಸ್ವಲ್ಪ ಸ್ವಲ್ಪವೇ ಕರೆಂಟು ಸೋರುತ್ತಿತ್ತು. ಸದ್ಯಕ್ಕೆ ಬೀಳಿಸುವಷ್ಟು. ಆ ಗೆರೆ ಇನ್ನಷ್ಟು ಸುಟ್ಟು ಅಗಲವಾಗಿದ್ದರೆ ಬಿದ್ದವಳು ಏಳುತ್ತಿರಲಿಲ್ಲ. ರಿಪೇರಿ ದೊಡ್ಡದಲ್ಲ. ಹೊಸ ವೈರು, ರಬ್ಬರಿನ ಬುಷ್ಷು, ಒಂದು ಗಂಟೆಯ ಕೆಲಸ. ನಾನು ಪಕ್ಕಡ ಎತ್ತಿಕೊಂಡೆ.

ಆಗ ಯಜಮಾನರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರಿ ಮಾಡಿ ಹೋಗಿ. ಊರಲ್ಲಿ ಹೇಳ್ಲಿಕ್ಕೆ ಹೋಗ್ಬೇಡಿ. ಸೊಸೆಯನ್ನು ಮತ್ತೆ ನೋಡುವ," ಎಂದರು.

ಜೊತೆಗಾರ ನನ್ನನ್ನು ಬಾವಿಯ ಆ ಕಡೆಗೆ ಕರೆದ. "ಈಗ ಸರಿ ಮಾಡಿದ್ರೆ ಮತ್ತೆ ತೋರಿಸ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಮಗ ಬಂದು ಮುಟ್ತಾನೆ, ಎಂತ ಆಗುದಿಲ್ಲ. ಆ ಹುಡುಗಿ ಸುಳ್ಳು ಹೇಳಿದ್ದು ಅಂತ ಪುನಃ ಗಟ್ಟಿ ಆಗ್ತದೆ, ಅಷ್ಟೆ."

ಕಸುಬಿನ ಮೊದಲ ಪಾಠ ಸೋರಿಕೆ ಕಂಡರೆ ಬಿಟ್ಟು ಹೋಗಬಾರದು ಎಂಬುದು. ಅದನ್ನು ಮುರಿಯುವುದು ನನಗೆ ಸುಲಭವಾಗಲಿಲ್ಲ. ಕೊನೆಗೆ ಪಂಪಿನ ಫ್ಯೂಸ್ ಹಿಡಿಯನ್ನು ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ. ಮಗ ಬಂದು ಬಲ್ಬು ನೋಡುವವರೆಗೆ ಮೋಟರಿಗೆ ಕೈ ಹಾಕುವುದಿಲ್ಲ, ಅಲ್ಲಿಯವರೆಗೆ ನೀರು ಹಗ್ಗದಲ್ಲಿ ಸೇದಿಕೊಳ್ಳಿ ಎಂದೆ. ಯಜಮಾನರ ಮನೆಯ ಫ್ಯೂಸು ನನ್ನ ಜೇಬಿನಲ್ಲಿ, ಅವರದೇ ಜಗಲಿಯಲ್ಲಿ ನಮಗೆ ಮಲಗಲು ಚಾಪೆ. ಅಂಥ ಮರ್ಯಾದೆಗೇಡಿನ ಅತಿಥಿಯಾಗಿ ನಾನು ಮತ್ತೆಲ್ಲಿಯೂ ಉಳಿದದ್ದಿಲ್ಲ. ಆದರೂ ಅವರು ಮಗನಿಗೆ ಹೇಳಿಕಳಿಸಿದರು.

ಮರುದಿನ ಬೆಳಿಗ್ಗೆ ಮಗ ಬಂದ. ಸೌಮ್ಯ ಸ್ವಭಾವದ ಹುಡುಗ. ಫ್ಯೂಸ್ ಹಾಕಿ, ಹಾರೆ ನೆಟ್ಟು, ಬಲ್ಬು ತೋರಿಸಿದೆ. ಅವನು ಅದನ್ನು ನೋಡಿದ, ಆಮೇಲೆ ತನ್ನ ಚಪ್ಪಲಿಯನ್ನು ನೋಡಿದ. ಕಳಚಿ ಒದ್ದೆ ಕಲ್ಲಿನ ಮೇಲೆ ಕಾಲಿಡಲು ಹೋದಾಗ ನಾನು ತೋಳು ಹಿಡಿದು ಎಳೆದೆ. "ಅವಳಿಗೆ ದಿನಾ ಹೀಗೇ ಆಗ್ತಿತ್ತಾ?" ಎಂದು ಕೇಳಿದ. ಹೌದು ಎಂದೆ. ಗೆದ್ದೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಬೇಸರವಾಗುತ್ತದೆ.

ಅವತ್ತೇ ಮೋಟರು ಸರಿಮಾಡಿದೆವು. ಬಚ್ಚಲ ನೀರು ಹರಿದುಹೋಗುವ ಬಾಳೆಯ ಬುಡದಲ್ಲಿ, ವರ್ಷವಿಡೀ ಒದ್ದೆಯಿರುವ ಜಾಗದಲ್ಲಿ, ಜೊತೆಗಾರ ಹೊಸ ಗುಂಡಿ ತೆಗೆದ. ಈ ಸಲ ಮನೆಯಮ್ಮನೇ ಇದ್ದಲಿನ ಬುಟ್ಟಿ ಹೊತ್ತು ತಂದರು.

ಸೊಸೆಯನ್ನು ಕರೆತರಲು ಹೊರಟಾಗ ಮಗ ನನ್ನನ್ನೂ ಜೊತೆಗೆ ಬರಲು ಕೇಳಿಕೊಂಡ. ಅವಳ ಅಪ್ಪನಿಗೆ ವಿವರಿಸಿ ಹೇಳಲು ತನ್ನಿಂದ ಆಗುವುದಿಲ್ಲ ಎಂದ. ಎರಡು ಬಸ್ಸು ಬದಲಿಸಿ, ಆಮೇಲೆ ಗದ್ದೆಯ ಬದುವಿನಲ್ಲಿ ನಡೆದು ಆ ಮನೆ ತಲುಪಿದೆವು. ಆ ಕಡೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅವಳ ಅಪ್ಪ ನಮ್ಮನ್ನು ಕೂರಿಸಿ, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮಗ ಬಾಗಿಲ ಕಡೆಗೆ ನೋಡಿ, "ಪಂಪು ಸರಿ ಆಯ್ತು," ಎಂದಷ್ಟೇ ಹೇಳಿದ. ತಪ್ಪಾಯಿತು ಎನ್ನುತ್ತಾನೆಂದು ನಾನು ಕಾದೆ. ಅವನಿಗೆ ಆ ಮಾತು ಬರಲಿಲ್ಲವೋ, ನನ್ನಂಥ ಹೊರಗಿನವನ ಎದುರಿಗೆ ಹೇಳಲಾಗಲಿಲ್ಲವೋ.

ಅವಳು ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿ ಆ ನೂಲು ಇನ್ನೂ ಇತ್ತು. ಕೇಳಿದ್ದು ನನ್ನನ್ನು.

"ಯಾರಿಗೆ ಹೊಡೆದದ್ದು?"

"ನನ್ನ ಜೊತೆಗಾರನಿಗೆ. ಬ್ಯಾರಿ. ನಮಾಜಿಗೆ ಕೈಕಾಲು ತೊಳಿಲಿಕ್ಕೆ ಹೋಗಿದ್ದ."

"ಅವರು ಎಷ್ಟು ಸಲ ಹೇಳಿದ್ರು?"

"ಒಂದೇ ಸಲ," ಎಂದೆ.

ಅವಳು ತಲೆಯಾಡಿಸಿದಳು. "ನಾನು ದಿನಾ ಹೇಳಿದೆ," ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

ಅವಳ ಅಪ್ಪನಿಗೆ ಬೇಕಾದದ್ದು ಬೇರೆ. "ಇನ್ನೊಮ್ಮೆ ಹಾಗೆ ಆಗುದಿಲ್ಲ ಅಂತ ನೀವು ಹೇಳ್ತೀರಾ?" ಎಂದು ಕೇಳಿದರು. ಅರ್ತ್ ಮತ್ತೆ ಒಣಗಬಹುದು, ತಂತಿ ಮತ್ತೆ ತುಂಡಾಗಬಹುದು ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಹೊಸದೊಂದು ಉಪಾಯ ಬಂದಿದೆ, ಟ್ರಿಪ್ ಪೆಟ್ಟಿಗೆ ಎನ್ನುತ್ತಾರೆ ಎಂದು ವಿವರಿಸಿದೆ. ಪಂಪಿನ ಮೈಗೂ ನೆಲಕ್ಕೂ ನಡುವೆ ಅದರೊಳಗಿನ ತಂತಿಯ ಸುರುಳಿ ಕೂರುತ್ತದೆ. ಮೈಗೆ ಕರೆಂಟು ಇಳಿಯಿತೆಂದರೆ ಸುರುಳಿ ಸೆಳೆದು ಚಿಲಕ ಬೀಳುತ್ತದೆ, ಕರೆಂಟು ಅಲ್ಲಿಯೇ ಕಡಿದುಹೋಗುತ್ತದೆ. ಮಂಗಳೂರಿನಿಂದ ತರಿಸಿ ನಾನೇ ಕೂರಿಸುತ್ತೇನೆ, ಅದಕ್ಕೆ ಬೇರೆಯೇ ಗುಂಡಿ ತೆಗೆಸುತ್ತೇನೆ ಎಂದೆ.

"ಹಾಗಾದ್ರೆ ಆಯ್ತು," ಎಂದರು ಅಪ್ಪ. ಅವರ ಮುಖದಲ್ಲಿ ಅಷ್ಟು ದಿನದ ಭಾರ ಇಳಿದದ್ದು ಕಾಣುತ್ತಿತ್ತು. "ಪೆಟ್ಟಿಗೆ ಬಂದ ಮೇಲೆ ಕರ್ಕೊಂಡು ಬರ್ತೇನೆ."

ಬಾಗಿಲ ಹತ್ತಿರ ನೋಡಿದೆ. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಹೋಗುತ್ತೀಯಾ ಎಂದು ಅಪ್ಪ ಒಂದು ಮಾತು ಕೇಳಿಯಾರೆಂದು ಕಾಯುತ್ತಿದ್ದಳೆಂದು ನನಗೆ ಅನ್ನಿಸಿತು. ಅವರು ಕೇಳಲಿಲ್ಲ. ಯಾಕೆ ಕೇಳಬೇಕು, ಹೋಗದಿರಲು ಇದ್ದ ಒಂದೇ ಕಾರಣವನ್ನು ನಾನು ರಿಪೇರಿ ಮಾಡಿ ಮುಗಿಸಿದ್ದೆನಲ್ಲ. ಅವಳು ಒಳಗೆ ಹೋದಳು. ಹಿಂದೆ ಬರುವಾಗ ಬಸ್ಸಿನಲ್ಲಿ ಮಗ ನನಗೆ ಮತ್ತೆ ಮತ್ತೆ ಉಪಕಾರ ಸ್ಮರಿಸಿದ, ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಪೆಟ್ಟಿಗೆ ಮಂಗಳೂರಿನಿಂದ ಬರಲು ತಡವಾಯಿತು. ಬಂದ ಮೇಲೂ ಮೊದಲ ದಿನ ಅದು ಕೆಲಸ ಮಾಡಲಿಲ್ಲ. ಒತ್ತಿ ಪರೀಕ್ಷಿಸುವ ಬಟನ್ನನ್ನು ಎಷ್ಟು ಒತ್ತಿದರೂ ಚಿಲಕ ಬೀಳಲಿಲ್ಲ. ಹುಡುಕಿದಾಗ ಅದರ ಅರ್ತ್ ತಂತಿ ದಾರಿಯಲ್ಲಿ, ಪಂಪಿನ ಮೈಗೆ ಸೇರಿದ ನೀರಿನ ಪೈಪಿಗೇ ತಾಗುತ್ತಿದ್ದದ್ದು ಕಂಡಿತು. ಹಾಗಾದರೆ ಸುರುಳಿಯ ಎರಡು ತುದಿಯೂ ಒಂದೇ ಕಡೆ ಸೇರಿದಂತೆ, ಅದಕ್ಕೆ ಕರೆಂಟು ಬಂದದ್ದು ಗೊತ್ತಾಗುವ ಬಗೆಯೇ ಇಲ್ಲ. ತಂತಿಗೆ ಬಿದಿರಿನ ಓಟೆ ತೊಡಿಸಿ ಪೈಪಿನಿಂದ ದೂರ ಮಾಡಿದೆವು. ಆಮೇಲೆ ಬಟನ್ ಒತ್ತಿದರೆ ಟಕ್ ಎಂದು ಚಿಲಕ ಬೀಳತೊಡಗಿತು. ಯಜಮಾನರು ಅದನ್ನು ಬಂದವರಿಗೆಲ್ಲ ಒತ್ತಿ ತೋರಿಸಿದರು.

ಅವಳನ್ನು ಕರೆದುಕೊಂಡು ಅಪ್ಪ ಬಂದ ದಿನ ನಾನೂ ಜೊತೆಗಾರನೂ ಅಲ್ಲಿದ್ದೆವು. ಅಪ್ಪನ ಸಮಾಧಾನಕ್ಕೆ ಬಲ್ಬು ಕಟ್ಟಿ, ಪಂಪು ಓಡುವಾಗ ಅದು ಹೊತ್ತುವುದಿಲ್ಲ ಎಂದು ತೋರಿಸಿದೆ. ಜೊತೆಗಾರ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು, ನಲ್ಲಿ ಬಿಟ್ಟು, ಮುಖ ತೊಳೆದು ತೋರಿಸಿದ. "ಇನ್ನು ಕಚ್ಚುದಿಲ್ಲ ತಂಗಿ," ಎಂದ. ಅವಳು ಮುಂದೆ ಬಂದು ಕೈ ಚಾಚಿದಳು. ಅಂಗೈಯನ್ನಲ್ಲ, ಹಿಂಗೈಯನ್ನು. ನಮ್ಮ ಕಸುಬಿಗೆ ಬಂದವರಿಗೆ ಕಲಿಸುವುದು ಅದನ್ನೇ. ಅಂಗೈಯಿಂದ ಮುಟ್ಟಿದರೆ ಕರೆಂಟಿಗೆ ಬೆರಳುಗಳು ಮಡಚಿ ಹಿಡಿದುಕೊಳ್ಳುತ್ತವೆ, ಬಿಡಿಸಿಕೊಳ್ಳಲಾಗುವುದಿಲ್ಲ, ಹಿಂಗೈಯಾದರೆ ತಾನಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ನಲ್ಲಿ ಏನೂ ಮಾಡಲಿಲ್ಲ. ಎಲ್ಲರೂ ಹಗುರಾದರು, ಯಜಮಾನರು ಕೂಡ ನಕ್ಕರು.

ಜಗಲಿಗೆ ಬಂದೆವು. ಮನೆಯಮ್ಮ ಒಳಗಿನಿಂದ ಹಿತ್ತಾಳೆಯ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದರು. ಮೊದಲು ಬೀಗರಿಗೆ ಕೊಟ್ಟರು, ನಮಗೆ ಕೊಟ್ಟರು. ಆಮೇಲೆ ಸೊಸೆಯ ಎದುರು ನಿಂತು, "ದಣಿದು ಬಂದಿದ್ದಿ, ಕುಡಿ ಮಗ," ಎಂದು ಚೊಂಬು ಚಾಚಿದರು. ಆ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು, ಅದನ್ನು ನಾನು ಸುಳ್ಳೆನ್ನಲಾರೆ.

ಅವಳು ಚೊಂಬನ್ನು ಮೊದಲು ಹಿಂಗೈಯಿಂದ ಮುಟ್ಟಿ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದಳು.